ಏಳನೆಯ ಡಬ್ಬಿಯ ಮುಚ್ಚಳ

ಅಜ್ಜಿಯರ ಕಥೆಯಲ್ಲಿ ಒಬ್ಬ ರಾಜನಿರುತ್ತಾನೆ, ಅವನಿಗೆ ಏಳು ಜನ ರಾಣಿಯರಿರುತ್ತಾರೆ. ಈ ಕಥೆಯಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. ಎರಡು ಕೋಣೆಯ ಒಂದು ಬಾಡಿಗೆ ಮನೆ ಇತ್ತು; ಅದರ ಅಡುಗೆಕೋಣೆಯ ಹಲಗೆಯ ಮೇಲೆ ಏಳು ತಗಡಿನ ಡಬ್ಬಿಗಳಿದ್ದವು. ಯಾವುದೋ ಕಾಲದಲ್ಲಿ ಬಿಸ್ಕತ್ತು ತುಂಬಿಕೊಂಡು ಬಂದವು. ಒಂದೇ ಎತ್ತರ, ಒಂದೇ ಬಣ್ಣ, ಒಂದೇ ತಾಯಿಯ ಮಕ್ಕಳ ಹಾಗೆ ಸಾಲಾಗಿ ಕೂತಿದ್ದವು.

ತಿಂಗಳ ಮೊದಲ ದಿನ ಏಳೂ ಬಾಯಿ ತೆರೆಯುತ್ತಿದ್ದವು. ಬಾಡಿಗೆ ಎಂಬುದು ಹಿರಿಯ ರಾಣಿ. ಐದನೇ ತಾರೀಕಿಗೇ ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುವವಳು. ದಿನಸಿ, ಹಾಲು, ಶಾಲೆ, ಔಷಧಿ ನಡುವಿನವರು. ಇದ್ದುದರಲ್ಲೇ ಹೊಂದಿಕೊಂಡು ಹೋಗುವವರು. ಆರನೆಯದು ಕುಂಚ. ಏಳನೆಯದು ಸಾಲ. ಕಥೆಗಳಲ್ಲಿ ಏಳನೆಯವಳು ಒಂದೋ ಮುದ್ದಿನವಳು, ಇಲ್ಲವೋ ರಾಕ್ಷಸಿ. ಇವಳು ರಾಕ್ಷಸಿ. ತಿಂಗಳಿಗೆ ಮೂರು ಸಾವಿರ ನುಂಗಿ, ಬಾಯಿ ಒರೆಸಿಕೊಂಡು, ಮರುತಿಂಗಳು ಮತ್ತೆ ಹಸಿದು ಕೂರುವವಳು.

ಈ ಏಳು ಬಾಯಿಗೂ ತುತ್ತು ಹಂಚುತ್ತಿದ್ದವಳು ಆ ಮನೆಯ ಸೊಸೆ. ಆಸ್ಪತ್ರೆಗಳ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸುವುದು ಅವಳ ಕೆಲಸ. ದಿನಕ್ಕೆ ಆರುನೂರು ಶೀಟು. ರಾತ್ರಿ ಕಣ್ಣು ಮುಚ್ಚಿದರೂ ಎದುರಿಗೆ ಬಿಳಿ ಬಟ್ಟೆಯೇ ಹಾಸಿಕೊಳ್ಳುತ್ತಿತ್ತು. ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಮೂರು ವರ್ಷದ ಹಿಂದೆ ಅವನ ಹಳೆಯ ಮರದ ಏಣಿಯ ಮೆಟ್ಟಿಲು ಲಟಕ್ಕೆಂದು ಮುರಿದು, ಎರಡನೇ ಮಹಡಿಯೆತ್ತರದಿಂದ ಬಿದ್ದು, ಕಾಲಿಗೆ ಎರಡು ಕಬ್ಬಿಣದ ಸರಳು ಹಾಕಿಸಿಕೊಂಡು ಒಂಬತ್ತು ತಿಂಗಳು ಮಲಗಿದ. ಸಾಲ ಹುಟ್ಟಿದ್ದು ಆಗ. ಎದ್ದ ಮೇಲೂ ಅವನು ಏಣಿ ಹತ್ತಲಿಲ್ಲ. ಕೈಗೆಟುಕುವಷ್ಟು ಗೋಡೆಗೆ ಮಾತ್ರ ಬಣ್ಣ ಬಳಿಯುತ್ತಿದ್ದ. ಸಂಬಳವೂ ಕೈಗೆಟುಕುವಷ್ಟೇ ಬರುತ್ತಿತ್ತು.

ಡಬ್ಬಿಗಳಿಗೆ ಸೊಸೆ ಮೂರು ಕಟ್ಟುಪಾಡು ಮಾಡಿದ್ದಳು. ತನ್ನ ತಾರೀಕು ಬರುವವರೆಗೆ ಯಾವ ಡಬ್ಬಿಯನ್ನೂ ತೆರೆಯಬಾರದು. ನೋಡಿದರೆ ಆಸೆ, ಆಸೆಪಟ್ಟರೆ ಖರ್ಚು. ಒಂದು ಡಬ್ಬಿಯ ಹಸಿವಿಗೆ ಇನ್ನೊಂದನ್ನು ಮುಟ್ಟಬಾರದು. ಕುಂಚದ ಡಬ್ಬಿ ಮಾತ್ರ ಗಂಡನದು, ಅವನ ಕೆಲಸದ ಸಾಮಾನಿಗೆ. ಅದರಲ್ಲಿರುವುದಕ್ಕೆ ಅವಳು ಲೆಕ್ಕ ಕೇಳುವುದಿಲ್ಲ. ಗಂಡಸಿನ ಕೈಯಲ್ಲಿ ನಾಲ್ಕು ಕಾಸು ತನ್ನದೆಂದು ಇರದಿದ್ದರೆ ಅವನ ಬೆನ್ನು ಬಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮೂರು ಹೊತ್ತೂ ಮಾತಾಡುತ್ತಿದ್ದುದಕ್ಕೆ ಪಟಾಕಿ ಎಂದು ಹೆಸರು ಬಿದ್ದಿದ್ದ ಒಂಬತ್ತು ವರ್ಷದ ಮಗಳು ಚೀಟಿಗಳ ಮೇಲೆ ಡಬ್ಬಿಗಳ ಹೆಸರು ಬರೆದು, ಗೋಂದು ಹಚ್ಚಿ, ಮುಚ್ಚಳಗಳಿಗೆ ಅಂಟಿಸಿದ್ದಳು. ಮುಚ್ಚಳಕ್ಕೆ. ಡಬ್ಬಿಗಲ್ಲ. ಮೂರು ವರ್ಷ ಇದರಿಂದ ಯಾರಿಗೂ ಏನೂ ಆಗಿರಲಿಲ್ಲ.

*

ಲಾಂಡ್ರಿಯಲ್ಲಿ ಶೀಟು ಮಡಿಸುವುದು ಇಬ್ಬರ ಕೆಲಸ. ಆಚೆ ತುದಿಯಲ್ಲೊಬ್ಬಳು, ಈಚೆ ತುದಿಯಲ್ಲೊಬ್ಬಳು. ಝಾಡಿಸಬೇಕು, ಎಳೆಯಬೇಕು, ಒಬ್ಬರ ಕಡೆಗೊಬ್ಬರು ನಡೆದು ಮೂಲೆಗೆ ಮೂಲೆ ಸೇರಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಒಣಗಿಸುವ ಯಂತ್ರಗಳ ಗುಡುಗಿನಲ್ಲಿ ದೂರದಿಂದ ಕೂಗಿದರೆ ಕೇಳಿಸದು. ಮೂಲೆಗೆ ಮೂಲೆ ಸೇರಿದಾಗ, ಮುಖಕ್ಕೆ ಮುಖ ಹತ್ತಿರ ಬಂದಾಗ, ಒಂದು ಮಾತು. ಮುಂದಿನ ಮಾತು ಮುಂದಿನ ಮಡಿಕೆಗೆ. ಆ ಮನೆಯ ಸೊಸೆ ಹೀಗೆ ಎಂಟು ವರ್ಷ ದೊಡ್ಡಕ್ಕನ ಜೋಡಿಯಾಗಿದ್ದಳು.

ದೊಡ್ಡಕ್ಕ ಎಂದರೆ ಲಾಂಡ್ರಿಗೆಲ್ಲ ದೊಡ್ಡಕ್ಕ. ಮೇಲ್ವಿಚಾರಕನನ್ನೂ "ಏನಪ್ಪಾ" ಎಂದೇ ಮಾತಾಡಿಸುವವಳು. ಗಂಡ ಬಿದ್ದಾಗ ಆಸ್ಪತ್ರೆಯ ಬಿಲ್ಲು ಹಿಡಿದು ಸೊಸೆ ಕೆಲಸಗಾರರ ಸಹಕಾರ ಸಂಘಕ್ಕೆ ಹೋದಾಗ, ಹದಿನೈದು ವರ್ಷ ಕೆಲಸ ಮಾಡಿದ ಒಬ್ಬರ ಜಾಮೀನು ಬೇಕು ಎಂದಿದ್ದರು. ಹಳಬರಿಗೆಲ್ಲ ಇದ್ದಕ್ಕಿದ್ದಂತೆ ಕೆಲಸ ಜಾಸ್ತಿಯಾಗಿಬಿಟ್ಟಿತು. ದೊಡ್ಡಕ್ಕ ಒದ್ದೆ ಕೈಯನ್ನು ಮೇಲಂಗಿಗೆ ಒರೆಸಿಕೊಂಡು, "ಎಲ್ಲಿ ಹಾಕಬೇಕಪ್ಪಾ ರುಜು?" ಎಂದು ಕೇಳಿದ್ದಳು. ಅಷ್ಟೇ. ಅವತ್ತು ಸೊಸೆ ಮಾತು ಕೊಟ್ಟಿದ್ದಳು: "ನಿಮ್ಮ ಹೆಸರಿಗೆ ಮಸಿ ತಾಕದ ಹಾಗೆ ತೀರಿಸ್ತೀನಿ ದೊಡ್ಡಕ್ಕ. ಬಾಕಿ ಇಲ್ಲ ಅನ್ನೋ ಕಾಗದ ನಾನೇ ತಂದು ನಿಮ್ಮ ಕೈಗಿಡ್ತೀನಿ."

ಮೂವತ್ತಾರು ಕಂತುಗಳಲ್ಲಿ ಮೂವತ್ತೈದು ಮುಗಿದಿದ್ದವು. ಕೊನೆಯದು ಈ ತಿಂಗಳ ಹದಿನೈದಕ್ಕೆ, ಶುಕ್ರವಾರ. ದೊಡ್ಡಕ್ಕನ ನಿವೃತ್ತಿಯೂ ಅದೇ ಶುಕ್ರವಾರ.

"ಆಫೀಸಿನವರು ಏನಂದ್ರು?" ಬುಧವಾರ, ಮೊದಲ ಮಡಿಕೆಯಲ್ಲಿ ಸೊಸೆ ಕೇಳಿದಳು.

ಹಿಂದೆ ಸರಿದು, ಮತ್ತೆ ಹತ್ತಿರ ಬಂದು ದೊಡ್ಡಕ್ಕ ಹೇಳಿದಳು: "ಶುಕ್ರವಾರ ಐದು ಗಂಟೆ ಒಳಗೆ ಕಾಗದ ಬಂದ್ರೆ ಅವತ್ತೇ ನಿವೃತ್ತಿ ದುಡ್ಡಿನ ಚೆಕ್ಕು ಅಂತೆ. ಬರದಿದ್ರೆ ಜಾಮೀನು ಬಾಕಿ ಅಂತ ಬರ್ಕೊಂಡು ಆರು ತಿಂಗಳು ತಡೀತಾರಂತೆ."

"ಬರುತ್ತೆ."

"ಬರುತ್ತೆ ಅಂತ ನಂಗೊತ್ತು ಕಣೇ. ನನ್ನ ತಂಗಿ ಮನೆ ಮಹಡಿ ಮೇಲಿನ ಕೋಣೆಗೆ ಗೊತ್ತಿಲ್ಲವಲ್ಲ. ಶನಿವಾರ ಮುಂಗಡ ಕೊಡದಿದ್ರೆ ಬೇರೆಯವರಿಗೆ ಕೊಡ್ತಾನಂತೆ ಮಾಲೀಕ." ದೊಡ್ಡಕ್ಕ ನಕ್ಕಳು. "ಮೂವತ್ತು ವರ್ಷ ಬೇರೆಯವರ ಹಾಸಿಗೆ ಬಟ್ಟೆ ಮಡಿಸ್ದೆ. ಇನ್ನು ಒಂದು ಹಾಸಿಗೆ, ಒಂದೇ ಬಟ್ಟೆ. ಮಡಿಸದೇ ಬಿಸಾಕ್ತೀನಿ ನೋಡು."

*

ಬುಧವಾರ ಸಂಜೆ ಮನೆ ಬಾಗಿಲಲ್ಲೇ ಏಣಿ ಅವಳನ್ನು ತಡೆಯಿತು. ಹೊಸ ಅಲ್ಯೂಮಿನಿಯಂ ಏಣಿ, ಬೆಳ್ಳಿಯ ಹಾಗೆ ಫಳಫಳ. ಮನೆಯೊಳಗೆ ಉದ್ದಕ್ಕೆ ಹಿಡಿಸದೆ ಮೂರು ಮೆಟ್ಟಿಲು ಹೊರಗೆ ಇಣುಕುತ್ತಿತ್ತು. ಗಂಡ ಅದರ ಪಕ್ಕ ನಿಂತಿದ್ದ, ಮೂರು ವರ್ಷದಲ್ಲಿ ಅವಳು ನೋಡಿರದ ಒಂದು ಮುಖ ಹೊತ್ತುಕೊಂಡು.

"ಬಾಯಿ ಬಿಡಲಿಲ್ಲವಲ್ಲೇ ನೀನು!" ಎಂದ. "ಗುಟ್ಟಾಗಿ ಇಷ್ಟು ಕೂಡಿಟ್ಟಿದ್ದೀಯ! ನೀನು ಏಣಿ ತಗೊಳ್ಳಿ ಅಂತ ಬಾಯಲ್ಲಿ ಹೇಳಿದ್ರೆ ನಾನು ಬೇಡ ಅಂತಿದ್ದೆ. ಅದಕ್ಕೇ ನನ್ನ ಡಬ್ಬಿಗೆ ಹಾಕಿದ್ದೀಯ ಅಂತ ತಕ್ಷಣ ಹೊಳೀತು."

"ಎಷ್ಟಿತ್ತು ಅದರಲ್ಲಿ?" ಎಂದಳು ಅವಳು. ಅವಳ ದನಿ ಅವಳಿಗೇ ದೂರದಿಂದ ಕೇಳಿತು.

"ಮೂರು ಸಾವಿರದ ಇನ್ನೂರು. ಏಣಿಗೆ ಎರಡು ಸಾವಿರದ ಒಂಬೈನೂರು. ಚೌಕಾಸಿ ಮಾಡ್ದೆ ಕಣೇ, ಇಳಿಸಲೇ ಇಲ್ಲ ಪುಣ್ಯಾತ್ಮ. ಉಳಿದ ಮುನ್ನೂರು ಅಲ್ಲೇ ಇಟ್ಟಿದ್ದೀನಿ."

ಅವಳು ಚಪ್ಪಲಿಯನ್ನೂ ಬಿಡದೆ ಅಡುಗೆಕೋಣೆಗೆ ಹೋದಳು. 'ಸಾಲ' ಎಂದು ಬರೆದ ಮುಚ್ಚಳ ತೆಗೆದಳು. ನಾನೂರ ಇಪ್ಪತ್ತು ಇತ್ತು. ಕುಂಚದ ದುಡ್ಡು. ಗೋಡೆಯತ್ತ ತಿರುಗಿದಳು. ಆ ಮೂಲೆಯ ಗೋಡೆ ತೇವ ಹಿಡಿದು ಉಬ್ಬಿತ್ತು.

"ಅತ್ತೆ," ಎಂದು ಕರೆದಳು. "ಈ ಡಬ್ಬಿ ಯಾರಾದ್ರೂ ಮುಟ್ಟಿದ್ರಾ?"

ಅತ್ತೆ ಮೊಮ್ಮಗಳ ಜಡೆ ಬಿಚ್ಚುತ್ತಿದ್ದವರು ಅಲ್ಲಿಂದಲೇ ಹೆಮ್ಮೆಯಿಂದ ಹೇಳಿದರು: "ನಾನೇ ತೊಳೆದೆ, ಭಾನುವಾರ. ಗೋಡೆ ನೀರು ಇಳಿದು ಕೊನೇ ಎರಡಕ್ಕೆ ತುಕ್ಕು ಹಿಡೀತಿತ್ತು. ದುಡ್ಡೆಲ್ಲ ತೆಗೆದು, ಬಿಸಿಲಲ್ಲಿ ಒಣಗಿಸಿ, ಯಾವುದರ ದುಡ್ಡು ಯಾವುದರಲ್ಲಿತ್ತೋ ಅದಕ್ಕೇ ಹಾಕಿದ್ದೀನಿ. ಒಂದು ಕಾಸು ಆಚೆ ಈಚೆ ಆಗಿಲ್ಲ. ತಳದಲ್ಲಿ ನಗ್ಗಿರೋದು ಸಾಲದ್ದು, ನಗ್ಗದೇ ಇರೋದು ಕುಂಚದ್ದು. ನಂಗೊತ್ತಿಲ್ವಾ?"

"ಮುಚ್ಚಳ?"

"ಮುಚ್ಚಳ ಮುಚ್ಚಳವೇ ಅಲ್ವಾ? ಟೋಪಿ ಬದಲಾಯಿಸಿದ್ರೆ ಮನುಷ್ಯ ಬದಲಾಗ್ತಾನಾ?"

"ಅಜ್ಜೀ," ಪಟಾಕಿ ಉಸುರಿದಳು, "ಹೆಸರು ಇರೋದೇ ಟೋಪೀಲಿ."

ಅತ್ತೆಗೆ ಓದು ಬಾರದು. ಅವರ ಲೋಕದಲ್ಲಿ ಪಾತ್ರೆಗೆ ಮುಖವಿರುತ್ತದೆ, ನಗ್ಗು ಇರುತ್ತದೆ, ಗುಣವಿರುತ್ತದೆ. ಅದರ ತಲೆಯ ಮೇಲೆ ಏನು ಬರೆದರೂ ಅದು ಅದೇ. ಸೊಸೆ ಒಂದು ದಿನವೂ ಡಬ್ಬಿಯ ತಳ ನೋಡಿದವಳಲ್ಲ. ಎರಡು ಸರಿಗಳು ಸೇರಿ ಒಂದು ತಪ್ಪಾಗಿತ್ತು.

ಅರ್ಥವಾಗಲು ಗಂಡನಿಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ಅವನ ಮುಖ ಇಳಿದುಹೋದುದನ್ನು ಅವಳು ನೋಡಬಾರದಿತ್ತು, ನೋಡಿದಳು. ಅವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತ. "ಅಂದ್ರೆ ನೀನು ಹಾಕಿದ್ದಲ್ಲ," ಎಂದ, ಅಷ್ಟೇ.

ಬೈಯಬೇಕೆಂದು ಬಾಯಿ ತೆರೆದಳು. ಜಗಳಕ್ಕೂ ಶಕ್ತಿ ಬೇಕು. ಆರುನೂರು ಶೀಟು ಮಡಿಸಿದ ತೋಳಿನಲ್ಲಿ ಅದೂ ಇರಲಿಲ್ಲ. ಅವಳ ಎಡಗಡೆಯ ದವಡೆ ಹಲ್ಲು ಎಂದಿನಂತೆ ಸಂಜೆಯ ನೋವು ಶುರುಮಾಡಿತ್ತು. ಚಪ್ಪಲಿ ಬಿಟ್ಟು, ಅಕ್ಕಿ ತೊಳೆಯಲು ಕೂತಳು.

ಗಂಡ ಅರ್ಧ ಗಂಟೆಯಲ್ಲಿ ಏಣಿ ಹೊತ್ತುಕೊಂಡು ಅಂಗಡಿಗೆ ಹೋಗಿ, ಇನ್ನರ್ಧ ಗಂಟೆಯಲ್ಲಿ ಏಣಿ ಹೊತ್ತುಕೊಂಡೇ ವಾಪಸು ಬಂದ. ಮಧ್ಯಾಹ್ನ ಅದನ್ನು ಕೆಲಸಕ್ಕೆ ಒಯ್ದಿದ್ದ. ಹತ್ತಿರಲಿಲ್ಲ, ಮೊದಲ ಮೆಟ್ಟಿಲಿಗೆ ಬಣ್ಣದ ಡಬ್ಬ ನೇತುಹಾಕಿ, ತಾನು ನೆಲದ ಮೇಲೇ ನಿಂತು ಬಳಿದಿದ್ದ. ಮೂರು ಹನಿ ಬಿದ್ದಿದ್ದವು. "ಹನಿ ಬಿದ್ದ ಏಣಿ ಹಳೇ ಏಣಿ, ಮಾರಿದ ಮಾಲು ವಾಪಸಿಲ್ಲ ಅಂದ," ಎಂದು ಗೋಡೆಗೆ ಹೇಳಿದ.

"ದೊಡ್ಡಕ್ಕನಿಗೆ ಹೇಳಿಬಿಡು ಮಗಳೇ," ಎಂದರು ಅತ್ತೆ ಮೆಲ್ಲಗೆ. "ಅರ್ಥ ಮಾಡ್ಕೋತಾರೆ."

"ಮಾಡ್ಕೋತಾರೆ ಅತ್ತೆ. ಅದೇ ಕಷ್ಟ."

*

ಕಂತು ಮೂರು ಸಾವಿರ, ಕಾಗದದ ಶುಲ್ಕ ನೂರೈವತ್ತು. ಊಟವಾದ ಮೇಲೆ ನಾಲ್ಕೂ ಜನ ಡಬ್ಬಿಗಳ ಸುತ್ತ ಕೂತರು. ಕುಂಚದ್ದೂ ಉಳಿದದ್ದೂ ಸೇರಿ ಏಳುನೂರ ಇಪ್ಪತ್ತು. ಇನ್ನು ಬೇಕಾದದ್ದು ಎರಡು ಸಾವಿರದ ನಾನೂರ ಮೂವತ್ತು. ಬಾಡಿಗೆಯ ಡಬ್ಬಿ ಎಂದೋ ಖಾಲಿ. ಮೂರು ವರ್ಷದಲ್ಲಿ ಮೊದಲ ಸಲ ಸೊಸೆ ತನ್ನ ಕಟ್ಟುಪಾಡನ್ನು ತಾನೇ ಮುರಿದಳು. ದಿನಸಿಯಲ್ಲಿ ಎಪ್ಪತ್ತು ಸಿಕ್ಕಿತು. ಹಾಲಿನಲ್ಲಿ ಇನ್ನೂರ ಅರವತ್ತು. ಇನ್ನು ಹದಿನೈದು ದಿನ ಕರೀ ಚಹಾ. ಶಾಲೆಯಲ್ಲಿ ನಾನೂರು.

"ಅದು ನನ್ನ ಪ್ರವಾಸದ್ದು," ಎಂದಳು ಪಟಾಕಿ. ಆಮೇಲೆ ಅವಳೇ, "ಮ್ಯೂಸಿಯಮ್ಮಿಗಂತೆ. ಅಲ್ಲಿ ಬರೀ ಹಳೇ ಮಡಕೆ ಇರುತ್ತಂತೆ. ನಮ್ಮನೇಲೇ ಇದೆಯಲ್ಲ," ಎಂದಳು. ದುಡ್ಡನ್ನು ತಾನೇ ರಾಶಿಯ ಕಡೆ ನೂಕಿದಳು.

ಔಷಧಿಯ ಡಬ್ಬಿಯಲ್ಲಿ ಒಂಬೈನೂರು ಇತ್ತು. ಅದು ಹಲ್ಲಿನದು. ಹನ್ನೊಂದು ತಿಂಗಳು ಕೂಡಿಸಿದ್ದು. ಇನ್ನು ನೂರು ಸೇರಿದ್ದರೆ ಕೀಳಿಸಿಬಿಡಬಹುದಿತ್ತು. ಅವಳು ಅದನ್ನು ಎಣಿಸದೆ ರಾಶಿಗೆ ಸೇರಿಸಿದಳು. ಎಣಿಸಬೇಕಾಗಿರಲಿಲ್ಲ, ಬಾಯಿಪಾಠವಾಗಿತ್ತು.

"ಇನ್ನೂ ಎಂಟುನೂರು," ಎಂದಳು.

ಗಂಡ ಏಣಿಯನ್ನೇ ನೋಡುತ್ತ ಕೂತಿದ್ದ. "ಗುತ್ತಿಗೆದಾರ ಒಬ್ಬ ಇದ್ದಾನೆ," ಎಂದ ಕೊನೆಗೆ. "ನಾಲ್ಕು ಮಹಡಿ ಮನೆ, ಮೆಟ್ಟಿಲುಗಳ ಪಕ್ಕದ ಎತ್ತರದ ಗೋಡೆ. ಯಾರೂ ಹತ್ತೋಕೆ ಒಪ್ತಿಲ್ಲ ಅಂತಿದ್ದ. ನಾಳೆ ಪೂರ್ತಿ, ನಾಡಿದ್ದು ಮಧ್ಯಾಹ್ನದವರೆಗೆ ಮಾಡಿದ್ರೆ ಏಳುನೂರೈವತ್ತು ಕೊಡ್ತಾನೆ."

"ಬೇಡ," ಎಂದಳು ಅವಳು.

"ಮತ್ತೆ ಈ ಏಣಿ ಯಾಕೆ ತಂದೆ? ಬಟ್ಟೆ ಒಣಗಿ ಹಾಕೋಕಾ?"

"ನಾನು ಬರ್ತೀನಿ ಹಿಡ್ಕೊಳ್ಳೋಕೆ," ಎಂದರು ಅತ್ತೆ. ಮಗ ನಗಲು ಹೋದ, ಅತ್ತೆ ನಗಲಿಲ್ಲ. "ಮುಚ್ಚಳ ಹಾಕಿದವಳು ನಾನು. ಏನಿಲ್ಲ ಅಂದ್ರೂ ಎಪ್ಪತ್ತು ಕೇಜಿ ಇದ್ದೀನಿ. ಇಷ್ಟು ವರ್ಷ ಕೂತು ತಿಂದಿದ್ದು ಯಾವತ್ತಿಗೆ ಬರಬೇಕು?"

ಗುರುವಾರ ಆ ಮನೆಯ ಮೆಟ್ಟಿಲ ಬಳಿ ನಡೆದದ್ದನ್ನು ಅತ್ತೆ ಆಮೇಲೆ ಬಣ್ಣ ಕಟ್ಟಿ ಹೇಳಿದರು. ಏಣಿಯ ಮೂರನೆಯ ಮೆಟ್ಟಿಲಲ್ಲಿ ಮಗನ ಕಾಲು ನಿಂತೇಹೋಯಿತಂತೆ. ಅತ್ತೆ ಏಣಿಯ ಬುಡದ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಗಟ್ಟಿಯಾಗಿ ಕೂತು, ಮೇಲೆ ನೋಡದೆ, ಏಳು ರಾಣಿಯರ ಕಥೆ ಶುರುಮಾಡಿದರಂತೆ, ಚಿಕ್ಕಂದಿನಲ್ಲಿ ಅವನಿಗೆ ಜ್ವರ ಬಂದಾಗ ಹೇಳುತ್ತಿದ್ದ ಹಾಗೆ. ಒಂದೊಂದು ರಾಣಿಗೆ ಒಂದೊಂದು ಮೆಟ್ಟಿಲು. ಗುತ್ತಿಗೆದಾರ ಬಂದು, "ಅಜ್ಜಿಗೂ ಕೂಲಿ ಕೊಡಬೇಕಾ?" ಎಂದನಂತೆ. "ಭಾರಕ್ಕೆ ಕೂಲಿ ಇಲ್ಲಪ್ಪಾ, ಕಥೆಗೆ ಕೊಟ್ರೆ ತಗೋತೀನಿ," ಎಂದರಂತೆ ಇವರು. ಅವನು ಕೊಡಲಿಲ್ಲ. ಆದರೆ ಏಳನೆಯ ರಾಣಿ ಏನಾದಳೆಂದು ಕೇಳಿ ಹೋಗಲು ಮತ್ತೊಂದು ಸಲ ಬಂದನಂತೆ.

ನಿಜವಾಗಿ ಎಷ್ಟು ಹೊತ್ತು ನಿಂತಿದ್ದ, ಎಷ್ಟು ಸಲ ಇಳಿದ ಎಂದು ಗಂಡ ಹೇಳಲಿಲ್ಲ. ರಾತ್ರಿ ತಟ್ಟೆಯ ಮುಂದೆ ಕೂತವನು ತುತ್ತು ಕಲಸಿ, ಬಾಯಿಗಿಡದೆ ತಟ್ಟೆಯಲ್ಲೇ ಬಿಟ್ಟ. ಸೊಸೆ ನೋಡಿ, ನೋಡದವಳ ಹಾಗೆ ನೀರಿನ ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದಳು.

*

ಶುಕ್ರವಾರ ಮಧ್ಯಾಹ್ನ ಮೇಲ್ವಿಚಾರಕ, "ಊಟದ ಹೊತ್ತು ಬಿಟ್ಟು ಎಷ್ಟು ಗಂಟೆ ಆಚೆ ಇರ್ತೀಯೋ ಅಷ್ಟು ಸಂಬಳ ಕಟ್," ಎಂದ. "ಕಟ್ ಮಾಡ್ಕೊಳ್ಳಿ ಸಾರ್, ರೂಢಿಯಾಗಿದೆ," ಎಂದು ಅವಳು ಹೊರಟಳು. ದೊಡ್ಡಕ್ಕ ಆಚೆ ತುದಿಯಿಂದ ನೋಡಿದಳು. ಎರಡು ದಿನದಿಂದ ಸೊಸೆ ಮಡಿಕೆಗಳಲ್ಲಿ ಮಾತು ಕಡಿಮೆ ಮಾಡಿದ್ದುದನ್ನು ಅವಳು ಗಮನಿಸದೇ ಇದ್ದಾಳೆಯೇ?

ಸಂಘದ ಆಫೀಸಿನ ಗೇಟಿನಲ್ಲಿ ಗಂಡನಿಗಾಗಿ ಕಾಯುವುದೇ ಒಂದು ಕೆಲಸವಾಯಿತು. ಎರಡು ಗಂಟೆ. ಎರಡೂಕಾಲು. ಸಂಜೆಯಷ್ಟೇ ಕಾಡುತ್ತಿದ್ದ ಹಲ್ಲಿನ ನೋವು ಈಗ ಹಗಲಲ್ಲೇ ಕಿವಿಯವರೆಗೆ ಬಂದಿತ್ತು. ಬಿದ್ದಿರಬಹುದೇ ಎಂಬ ಯೋಚನೆ ಒಮ್ಮೆ ಬಂತು. ಅದನ್ನು ಅವಳು ಒಂದು ಶೀಟಿನ ಹಾಗೆ ಮಡಿಸಿ, ಮತ್ತೆ ಮಡಿಸಿ, ಪಕ್ಕಕ್ಕಿಟ್ಟಳು. ಎರಡೂವರೆಗೆ ಗಂಡ ರಸ್ತೆಯ ತಿರುವಿನಲ್ಲಿ ಕಾಣಿಸಿದ, ಕುಂಟುತ್ತ, ತಲೆಕೂದಲ ತುಂಬ ಬಿಳಿ ಬಣ್ಣ ಸಿಡಿಸಿಕೊಂಡು. ಇಪ್ಪತ್ತು ವರ್ಷ ಮುಂಚಿತವಾಗಿ ಮುದುಕನಾಗಿ ಬಂದವನಂತಿದ್ದ.

"ಹತ್ತಿದ್ರಾ?"

"ಹತ್ತಿದೆ. ಇಳಿಯೋದೂ ಬಂತು," ಎಂದ. ಕೈಯಲ್ಲಿ ಏಳುನೂರೈವತ್ತು.

ಐವತ್ತು ಇನ್ನೂ ಕಡಿಮೆಯಿತ್ತು. ಅವಳು ಪರ್ಸಿನ ಒಳಜೇಬಿನಿಂದ ತಿಂಗಳಿನ ಉಳಿದ ದಿನಗಳ ಬಸ್ಸಿನ ದುಡ್ಡು ತೆಗೆದಳು. ಚಿಲ್ಲರೆ ಸೇರಿ ಐವತ್ತೆರಡು ಇತ್ತು.

ಗುಮಾಸ್ತ ಬೆರಳು ಎಂಜಲು ಮಾಡಿಕೊಂಡು ನೋಟುಗಳನ್ನು ಎಣಿಸಿ, ನಾಣ್ಯಗಳನ್ನು ಕಂಡು ಮುಖ ಸಿಂಡರಿಸಿದ. "ದೇವರ ಹುಂಡಿ ಒಡೆದ ಹಾಗಿದೆಯಲ್ಲಮ್ಮಾ," ಎಂದ. ರಸೀತಿ ಹರಿದ. "ಕಾಗದಕ್ಕೆ ಸೋಮವಾರ ಬನ್ನಿ. ಸಹಿ ಮಾಡೋರು ಊಟಕ್ಕೆ ಹೋಗಿದ್ದಾರೆ."

"ಊಟ ಸೋಮವಾರದವರೆಗೆ ಮಾಡ್ತಾರಾ ಸಾರ್?" ಎಂದಳು ಅವಳು. ವ್ಯಂಗ್ಯಕ್ಕಲ್ಲ, ನಿಜವಾಗಿಯೂ ಅಷ್ಟು ದಣಿದಿದ್ದಳು. "ಬರೋವರೆಗೆ ಇಲ್ಲೇ ಕೂತಿರ್ತೀನಿ."

ಬೆಂಚಿನ ಮೇಲೆ ಕೂತಳು. ಗಂಡ ಪಕ್ಕದಲ್ಲಿ ಗೋಡೆಗೊರಗಿ ಕೂತಲ್ಲೇ ನಿದ್ದೆಹೋದ. ಗೋಡೆಯ ಮೇಲೆ ಅವನ ತಲೆಯ ಆಕಾರದ ಒಂದು ಬಿಳಿ ಮಚ್ಚೆ ಉಳಿಯಿತು. ಮೂರೂ ಐವತ್ತಕ್ಕೆ ಸಹಿ ಮಾಡುವವರು ಬಂದರು, ಕಡತ ತರಿಸಿದರು, ಮೂವತ್ತಾರು ಗೆರೆಗಳ ಮೇಲೆ ಪೆನ್ನು ಓಡಿಸಿದರು. "ಒಂದೂ ತಪ್ಪಿಲ್ಲವಲ್ಲ," ಎಂದರು, ಸ್ವಲ್ಪ ಆಶ್ಚರ್ಯದಿಂದ. ಮೊಹರು ಬಿತ್ತು. ಬಾಕಿ ಇಲ್ಲ.

ಗಂಡನನ್ನು ಎಬ್ಬಿಸಿ ಮನೆಗೆ ಕಳಿಸಿ, ಅವಳು ಲಾಂಡ್ರಿಯ ದಾರಿ ಹಿಡಿದಳು. ಬಸ್ಸಿನಲ್ಲಿ ಹದಿನೈದು ನಿಮಿಷ. ಕೈಯಲ್ಲಿದ್ದ ಎರಡು ನಾಣ್ಯಕ್ಕೆ ಯಾವ ಬಸ್ಸೂ ನಿಲ್ಲುವುದಿಲ್ಲ. ನಡೆದಳು. ಕಾಗದ ಬೆವರಿಗೆ ಒದ್ದೆಯಾಗದಂತೆ ಊಟದ ಡಬ್ಬಿಯೊಳಗಿಟ್ಟುಕೊಂಡು, ಕಬ್ಬಿಣದ ಬೀರು ಮಾರುವ ಅಂಗಡಿ, ಸೈಕಲ್ಲು ರಿಪೇರಿಯವನು, ಮುಗಿಯದ ಒಂದು ಕಾಂಪೌಂಡಿನ ಗೋಡೆ ಎಲ್ಲವನ್ನೂ ದಾಟಿದಳು. ಕಥೆಗಳಲ್ಲಿ ಇಂಥ ಹೊತ್ತಿಗೆ ಒಂದು ಹಾರುವ ಕುದುರೆ ಬರುತ್ತದೆ. ಅವಳ ಪಾಲಿಗೆ ಬಂದದ್ದು ಕಲ್ಲು ತುಂಬಿದ ಒಂದು ಲಾರಿ. ಅದೂ ಧೂಳೆಬ್ಬಿಸಿ ಹೋಯಿತು.

ಗೇಟಿನ ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷವಿತ್ತು.

ಯಂತ್ರಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಆಫೀಸಿನ ಹುಡುಗಿ ನಿವೃತ್ತಿಯ ಕಾಗದ ಹರಡಿಕೊಂಡು ಮಡಿಸುವ ಮೇಜಿನ ಬಳಿಯೇ ಕೂತು ಗಡಿಯಾರ ನೋಡುತ್ತಿದ್ದಳು. ದೊಡ್ಡಕ್ಕ ಕೊನೆಯ ಶೀಟಿನ ಎರಡು ಮೂಲೆ ಹಿಡಿದು ನಿಂತಿದ್ದಳು. ಆಚೆ ತುದಿ ನೆಲದ ಮೇಲೆ ಬಿದ್ದಿತ್ತು.

"ನಾನು ಹಿಡೀತೀನಿ ಅಂದ್ರೂ ಕೊಡ್ತಿಲ್ಲ," ಎಂದಳು ಪಕ್ಕದ ಮೇಜಿನವಳು. "ನನ್ನ ಜೋಡಿ ಬರ್ಲಿ ಅಂತ ಕಾಲು ಗಂಟೆಯಿಂದ ನಿಂತಿದ್ದಾರೆ, ಕಂಬದ ಹಾಗೆ."

ಸೊಸೆ ಊಟದ ಡಬ್ಬಿ ತೆರೆದು ಕಾಗದ ತೆಗೆದು ಬೆರಳ ನಡುವೆ ಸಿಕ್ಕಿಸಿಕೊಂಡಳು. ಬಾಗಿ ಆಚೆ ತುದಿಯ ಮೂಲೆಗಳನ್ನು ಎತ್ತಿಕೊಂಡಳು. ಇಬ್ಬರೂ ಝಾಡಿಸಿದರು. ಎಳೆದರು. ದೊಡ್ಡಕ್ಕ ಬಟ್ಟೆಯನ್ನು ಎಂದಿಗಿಂತ ಸಡಿಲವಾಗಿ ಹಿಡಿದಳು. ಒಬ್ಬರ ಕಡೆಗೊಬ್ಬರು ನಡೆದರು.

"ಬಂದ್ಯಾ," ಎಂದಳು ದೊಡ್ಡಕ್ಕ.

"ಬಂದೆ," ಎಂದಳು ಅವಳು.

ಮೂಲೆಗೆ ಮೂಲೆ ಸೇರಿತು. ಕಾಗದ ದೊಡ್ಡಕ್ಕನ ಕೈಗೆ ಹೋಯಿತು.